ಔಟ್‌ಕಾಸ್ಟ್ ಆಲ್ಬಂ: ಒಂದು ಮಾರಾಟ, ಎರಡು ಲೆಕ್ಕ

ಅಮೆರಿಕದ ಹಿಪ್ ಹಾಪ್ ಜೋಡಿ ಔಟ್‌ಕಾಸ್ಟ್‌ನ 'ಸ್ಪೀಕರ್‌ಬಾಕ್ಸ್/ದ ಲವ್ ಬಿಲೋ' ಆಲ್ಬಂ ಬಿಡುಗಡೆಯಾದದ್ದು 2003ರ ಸೆಪ್ಟೆಂಬರ್ 23ರಂದು. ಇಪ್ಪತ್ತು ವರ್ಷಗಳ ನಂತರ, 2023ರಲ್ಲಿ, ಅಲ್ಲಿನ ಧ್ವನಿಮುದ್ರಣ ಉದ್ಯಮದ ಸಂಘವಾದ ಆರ್‌ಐಎಎ ಅದಕ್ಕೆ 13 ಪಟ್ಟು ಪ್ಲಾಟಿನಂ ಮಾನ್ಯತೆ ನೀಡಿತು. ಒಂದು ಪ್ಲಾಟಿನಂ ಎಂದರೆ 10 ಲಕ್ಷ. ಹಾಗಾದರೆ 1.3 ಕೋಟಿ ಜನ ಈ ಆಲ್ಬಂ ಕೊಂಡರೇ? ಇಲ್ಲ.

ಇದು ಎರಡು ಸಿ.ಡಿ.ಗಳ ಆಲ್ಬಂ. ಒಟ್ಟು ಅವಧಿ 100 ನಿಮಿಷ ಮೀರಿದರೆ ಪ್ರತಿ ಸಿ.ಡಿ.ಯನ್ನೂ ಬೇರೆಯಾಗಿ ಎಣಿಸುವುದು ಆರ್‌ಐಎಎ ನಿಯಮ. ಔಟ್‌ಕಾಸ್ಟ್ ಆಲ್ಬಂನ ಅವಧಿ ಎರಡು ಗಂಟೆಗಿಂತ ಹೆಚ್ಚು. ಹೀಗಾಗಿ ಅಂಗಡಿಯಲ್ಲಿ ಒಬ್ಬ ಗ್ರಾಹಕ ಕೊಂಡ ಒಂದು ಪೊಟ್ಟಣ ಸಂಘದ ಪುಸ್ತಕದಲ್ಲಿ ಎರಡಾಗುತ್ತದೆ. ಸಾಲದ್ದಕ್ಕೆ, 2016ರಿಂದ ಇಂಟರ್ನೆಟ್‌ನಲ್ಲಿ 1,500 ಬಾರಿ ಹಾಡು ಕೇಳಿದರೆ ಒಂದು ಆಲ್ಬಂ ಎಂಬ ಲೆಕ್ಕವೂ ಸೇರಿದೆ. ಆದ್ದರಿಂದ ಅಮೆರಿಕದಲ್ಲಿ ಮಾರಾಟವಾದ ಸಿ.ಡಿ. ಜೋಡಿಗಳ ಸಂಖ್ಯೆ 65 ಲಕ್ಷ ದಾಟಿರಲಾರದು. ಟುಪಾಕ್‌ನ 'ಆಲ್ ಐಸ್ ಆನ್ ಮಿ' (1996), ನಟೋರಿಯಸ್ ಬಿ.ಐ.ಜಿ.ಯ 'ಲೈಫ್ ಆಫ್ಟರ್ ಡೆತ್' (1997) ಆಲ್ಬಂಗಳು ಒಂದು ಕೋಟಿಯ ಗಡಿ ದಾಟಿದ್ದೂ ಇದೇ ದಾರಿಯಲ್ಲಿ. ಅವೂ ಎರಡು ಸಿ.ಡಿ.ಗಳ ಆಲ್ಬಂಗಳೇ.

ಇದರರ್ಥ ಗೆಲುವು ಸುಳ್ಳೆಂದಲ್ಲ. ಪೊಟ್ಟಣವನ್ನು ಒಂದೇ ಎಂದು ಎಣಿಸುವ ಸೌಂಡ್‌ಸ್ಕ್ಯಾನ್ ಲೆಕ್ಕದಲ್ಲೂ ಮೊದಲ ವಾರವೇ ಸುಮಾರು 5.1 ಲಕ್ಷ ಪ್ರತಿಗಳು ಖರ್ಚಾದವು. ಬಿಲ್‌ಬೋರ್ಡ್ ಪಟ್ಟಿಯಲ್ಲಿ ಆಲ್ಬಂ ನೇರವಾಗಿ ಮೊದಲ ಸ್ಥಾನಕ್ಕೇರಿತು. ಉಚಿತ ಡೌನ್‌ಲೋಡ್‌ಗಳ ಹಾವಳಿಯಿಂದ ಸಿ.ಡಿ. ವ್ಯಾಪಾರ ಕುಸಿಯುತ್ತಿದ್ದ ದಿನಗಳಲ್ಲಿ ಇದು ಸಣ್ಣ ಸಾಧನೆಯಲ್ಲ.

ಆದರೆ ಗ್ರಾಹಕನ ಕೈಗೆ ಬಂದ ವಸ್ತು ಯಾವುದು ಎಂಬ ಪ್ರಶ್ನೆ ಉಳಿಯುತ್ತದೆ. 'ಸ್ಪೀಕರ್‌ಬಾಕ್ಸ್' ಮುಖ್ಯವಾಗಿ ಬಿಗ್ ಬಾಯ್‌ನ ರ‍್ಯಾಪ್ ಆಲ್ಬಂ. 'ದ ಲವ್ ಬಿಲೋ' ಆಂಡ್ರೆ 3000ನದು. ಅಲ್ಲಿ ರ‍್ಯಾಪ್‌ಗಿಂತ ಗಾಯನವೇ ಹೆಚ್ಚು, ಫಂಕ್ ಮತ್ತು ಜಾಝ್ ಛಾಯೆಗಳೇ ದಟ್ಟ. ಬೇರೆ ದಾರಿ ಹಿಡಿಯುತ್ತಿದ್ದ ಇಬ್ಬರ ಕೃತಿಗಳು ಒಂದೇ ಹೆಸರಿನಡಿ, ಒಂದೇ ಬೆಲೆಗೆ ಮಾರುಕಟ್ಟೆಗೆ ಬಂದವು. ಆಂಡ್ರೆಯ 'ಹೇ ಯಾ!' ಒಂಬತ್ತು ವಾರ ಅಗ್ರಸ್ಥಾನದಲ್ಲಿತ್ತು. 2004ರ ಫೆಬ್ರುವರಿಯಲ್ಲಿ ಅದನ್ನು ಕೆಳಗಿಳಿಸಿದ್ದು ಬಿಗ್ ಬಾಯ್‌ನ 'ದ ವೇ ಯೂ ಮೂವ್'. ಜೋಡಿಯೊಳಗಿನ ಪೈಪೋಟಿಯೂ ಜೋಡಿಯ ಖಾತೆಗೇ ಜಮೆಯಾಯಿತು.

ಅದೇ ತಿಂಗಳು ಈ ಕೃತಿಗೆ ವರ್ಷದ ಆಲ್ಬಂ ಗ್ರ್ಯಾಮಿ ಪ್ರಶಸ್ತಿ ಬಂತು. 1995ರಲ್ಲಿ ನ್ಯೂಯಾರ್ಕ್‌ನ ಸೋರ್ಸ್ ಪ್ರಶಸ್ತಿ ಸಮಾರಂಭದಲ್ಲಿ ಸಭಿಕರ ಕೂಗಾಟ ಎದುರಿಸಿದ್ದ ಅಟ್ಲಾಂಟಾದ ಈ ಯುವಕರಿಗೆ, ಅವರ ಮೂಲಕ ದಕ್ಷಿಣದ ರ‍್ಯಾಪ್‌ಗೆ, ದೊಡ್ಡ ಮನ್ನಣೆ ಅದು. ಆದರೆ ಹಿಪ್ ಹಾಪ್‌ಗೆ ಬಾಗಿಲು ತೆರೆಯಿತೆಂದು ಅಂದು ನಂಬಿದವರ ಆಸೆ ಕೈಗೂಡಲಿಲ್ಲ. 2025ರವರೆಗೂ ಮತ್ತೊಂದು ರ‍್ಯಾಪ್ ಆಲ್ಬಂಗೆ ಆ ಪ್ರಶಸ್ತಿ ದಕ್ಕಲಿಲ್ಲ. ಗೆದ್ದದ್ದರಲ್ಲೂ ಅರ್ಧಭಾಗ ರ‍್ಯಾಪ್‌ನಿಂದ ದೂರ ಸರಿದಿತ್ತು ಎಂಬುದನ್ನು ಮರೆಯುವಂತಿಲ್ಲ.

ಜೋಡಿ 2006ರ 'ಐಡಲ್‌ವೈಲ್ಡ್' ನಂತರ ಹೊಸ ಆಲ್ಬಂ ತರಲಿಲ್ಲ. 2023ರಲ್ಲಿ ಆಂಡ್ರೆ ಹೊರತಂದದ್ದು ಮಾತಿಲ್ಲದ ಕೊಳಲಿನ ಆಲ್ಬಂ. ದಾಖಲೆಯ ಅಂಕಿಗಳು ಬೆಳೆಯುತ್ತಲೇ ಹೋದವು, ಜೋಡಿಯ ಸಂಗೀತ ನಿಂತಿತು. ಉದ್ಯಮ ಪ್ರಕಟಿಸುವ ಅಂಕಿಗಳು ಎಷ್ಟು ಮಾರಾಟವಾಯಿತೆಂಬುದರ ಜೊತೆಗೆ ಯಾವ ನಿಯಮದಿಂದ ಎಣಿಸಲಾಯಿತೆಂಬುದನ್ನೂ ಹೇಳುತ್ತವೆ. ಎರಡನೆಯದನ್ನು ಕೇಳದೆ ಮೊದಲನೆಯದನ್ನು ನಂಬುವುದು ಸರಿಯಲ್ಲ.