ಗುರುವಾರದ ರಜೆ

ವಾಕಡದ ಸೇತುವೆಯ ಬಳಿ ಬೆಳಗಿನ ಆರು ಗಂಟೆಗೆ ನಿಂತರೆ ಎರಡು ಬಗೆಯ ಬಸ್ಸುಗಳು ಕಾಣುತ್ತವೆ. ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರುಗಳಿಂದ ರಾತ್ರಿಯಿಡೀ ಓಡಿಬಂದು ಜನರನ್ನಿಳಿಸುವವು ಒಂದು ಬಗೆ. ಪಿಂಪರಿ, ಆಕುರ್ಡಿ, ಚಾಕಣಗಳತ್ತ ಮೊದಲ ಪಾಳಿಯವರನ್ನು ಹೊತ್ತೊಯ್ಯುವ ಕಂಪನಿ ಬಸ್ಸುಗಳು ಇನ್ನೊಂದು ಬಗೆ. ಮೊದಲನೆಯದರಿಂದ ಇಳಿದ ಹುಡುಗ ವಾರದೊಳಗೆ ಎರಡನೆಯದನ್ನು ಏರುತ್ತಾನೆ. ನಮ್ಮ ಬಳಗದ ಹಲವು ಹಿರಿಯರು ಹೀಗೆಯೇ ಬಂದವರು.

ಆದರೆ ಇಂದು ಏರುವ ಹುಡುಗ ನಮ್ಮ ಬಳಗಕ್ಕೆ ಬರುವುದಿಲ್ಲ. ಕಾರಣ ಹುಡುಕಲು ಬಹುದೂರ ಹೋಗಬೇಕಿಲ್ಲ. ನಮ್ಮ ಕೂಟ ಭಾನುವಾರ ಸಂಜೆ. ಪಿಂಪರಿ-ಚಿಂಚವಾಡದ ಕಾರ್ಖಾನೆಗಳ ವಾರದ ರಜೆ ಗುರುವಾರ. ಎಲ್ಲ ಕಾರ್ಖಾನೆಗಳೂ ಒಂದೇ ದಿನ ವಿದ್ಯುತ್ತನ್ನು ಎಳೆಯದಿರಲಿ ಎಂದು ಪ್ರದೇಶಕ್ಕೊಂದು ರಜೆ ಹಂಚಿದ ಕಾಲದಿಂದ ಬಂದ ಪದ್ಧತಿ ಇದು. ಪಕ್ಕದ ಹಿಂಜವಡಿಯ ಸಾಫ್ಟ್‌ವೇರಿನವರಿಗೆ ಶನಿವಾರ, ಭಾನುವಾರ ಬಿಡುವು. ಹೀಗಾಗಿ ನಮ್ಮ ಕುರ್ಚಿಗಳಲ್ಲಿ ಕೂರುವವರು ಅವರು, ಬ್ಯಾಂಕಿನವರು ಮತ್ತು ನಿವೃತ್ತರು. ಯಂತ್ರದೆದುರು ನಿಲ್ಲುವವರನ್ನು ನಾವು ಗೊತ್ತಿಲ್ಲದೆಯೇ ಹೊರಗಿಟ್ಟಿದ್ದೇವೆ. ಮೇಲಾಗಿ, ತರುಣರಿಗೆ ಸಾಹಿತ್ಯ ಬೇಡವಾಗಿದೆ ಎಂದು ಕೊರಗುತ್ತೇವೆ.

ದೊಡ್ಡ ಕಂಪನಿಯ ನೌಕರಿಯನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಅದರ ಅನ್ನವನ್ನು ನಾವೂ ಉಂಡಿದ್ದೇವೆ. ಕ್ಯಾಂಟೀನಿನ ಊಟ, ಮನೆಯ ಹತ್ತಿರ ಬಂದು ನಿಲ್ಲುವ ಬಸ್ಸು, ದಸರೆಯಲ್ಲಿ ಬೋನಸ್ಸು, ಖಂಡೇನವಮಿಯ ದಿನ ಯಂತ್ರಕ್ಕೆ ಚೆಂಡುಹೂವಿನ ಮಾಲೆ: ಹೊಲ ನಂಬಿ ಬದುಕಿದ ಮನೆತನಗಳಿಗೆ ಇದು ಸಣ್ಣ ಭಾಗ್ಯವಲ್ಲ. ಪುಣೆಯ ಕಾರ್ಖಾನೆಗಳಿಗೂ ಕನ್ನಡ ನಾಡಿಗೂ ಹಳೆಯ ನಂಟಿದೆ. ಕಿರ್ಲೋಸ್ಕರ ಉದ್ಯಮದ ಮೂಲಪುರುಷ ಲಕ್ಷ್ಮಣರಾಯರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಮಹಿಳೆಯರು ಅರ್ಜಿ ಹಾಕಕೂಡದೆಂದ ಟೆಲ್ಕೋ ಜಾಹೀರಾತನ್ನು ಕಂಡು 1974ರಲ್ಲಿ ಜೆ.ಆರ್.ಡಿ. ಟಾಟಾ ಅವರಿಗೆ ಅಂಚೆ ಕಾರ್ಡು ಬರೆದು, ಬಳಿಕ ಅದೇ ಕಂಪನಿಯ ಎಂಜಿನಿಯರಾಗಿ ಪುಣೆಗೆ ಬಂದ ಸುಧಾ ಮೂರ್ತಿಯವರ ಕಥೆಯನ್ನು ನಮ್ಮ ಮಕ್ಕಳೂ ಬಲ್ಲರು.

ಅವರು ಅರಿಯದ ಕಥೆ ಬೇರೆ ಇದೆ. ಒಂದೇ ಗೇಟಿನೊಳಗೆ, ಒಂದೇ ಸಾಲಿನಲ್ಲಿ, ಒಂದೇ ನಟ್ಟು ಬಿಗಿಯುವ ಇಬ್ಬರಲ್ಲಿ ಒಬ್ಬ ಕಾಯಂ, ಇನ್ನೊಬ್ಬ ಏಳು ತಿಂಗಳವನು. ವರ್ಷದಲ್ಲಿ 240 ದಿನ ದುಡಿದವನನ್ನು ನಿರಂತರ ಸೇವೆಯಲ್ಲಿದ್ದವನೆಂದು 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಎಣಿಸಿತು. ಏಳು ತಿಂಗಳೆಂದರೆ ಸುಮಾರು 210 ದಿನ. ಈ ಲೆಕ್ಕದ ಜಾಣತನವನ್ನು ಬಿಡಿಸಿ ಹೇಳಬೇಕಿಲ್ಲ. ಎಂಟನೆಯ ತಿಂಗಳು ಆ ಹುಡುಗ ಮತ್ತೊಂದು ಕಂಪನಿಯ ಬಾಗಿಲಲ್ಲಿ ಪ್ರಮಾಣಪತ್ರದ ಕಡತ ಹಿಡಿದು ನಿಂತಿರುತ್ತಾನೆ. ಸಾಲು ಓಡುತ್ತಿರುವಾಗ ಮೂತ್ರಕ್ಕೆ ಹೋಗಬೇಕೆಂದರೂ ಅವನ ಜಾಗಕ್ಕೆ ಬದಲಿಯವನು ಬರಬೇಕು. ಮೂರನೆಯ ಪಾಳಿ ಮುಗಿಸಿ ಕೋಣೆಗೆ ಮರಳಿದರೆ, ಮೊದಲ ಪಾಳಿಗೆ ಎದ್ದುಹೋದವನ ಹಾಸಿಗೆ ಇನ್ನೂ ಬೆಚ್ಚಗಿರುತ್ತದೆ. ಕೆಲಸದ ಕಷ್ಟಕ್ಕಿಂತ ಹೆಚ್ಚಾಗಿ, ಯಾರೂ ತನ್ನ ಹೆಸರು ಕಲಿಯುವಷ್ಟು ದಿನ ಒಂದೆಡೆ ಇರಲಾಗದೆಂಬುದೇ ಅವನನ್ನು ಸವೆಸುತ್ತದೆಂದು ನಮಗನಿಸುತ್ತದೆ. ಊರಿಗೆ ಫೋನು ಮಾಡಿದಾಗ ಮಾತ್ರ ಅವನು ‘ಕಂಪನಿಯಲ್ಲಿದ್ದೇನೆ’ ಎನ್ನುತ್ತಾನೆ. ಕನ್ಯೆ ನೋಡುವವರಿಗೆ ಅಷ್ಟು ಸಾಕು; ಎಷ್ಟು ತಿಂಗಳು ಎಂದು ಅವರು ಕೇಳದಿದ್ದರೆ.

ಯಶವಂತ ಚಿತ್ತಾಲರು ಮುಂಬಯಿಯ ರಾಸಾಯನಿಕ ಉದ್ಯಮದಲ್ಲಿ ದುಡಿಯುತ್ತಲೇ 1979ರಲ್ಲಿ ‘ಶಿಕಾರಿ’ ಕೊಟ್ಟರು. ದೊಡ್ಡ ಕಂಪನಿಯೊಂದು ಮನುಷ್ಯನನ್ನು ಹೇಗೆ ಬೇಟೆಯಾಡುತ್ತದೆಂಬುದು ಕನ್ನಡಕ್ಕೆ ಅಲ್ಲಿ ಸಿಕ್ಕಿತು. ಆದರೆ ನಾಗಪ್ಪ ಅಧಿಕಾರಿ. ಅವನನ್ನು ಅಮಾನತು ಮಾಡಬೇಕಾಗಿತ್ತು. ಏಳು ತಿಂಗಳವನಿಗೆ ಆ ಮರ್ಯಾದೆಯೂ ಇಲ್ಲ, ಅವಧಿ ಮುಗಿದರೆ ಮುಗಿಯಿತು. ಅವನ ಬಗ್ಗೆ ಅವನೇ ಬರೆಯಬೇಕು. ಬರೆಯುವ ಮೊದಲು ಅವನ ಮಾತನ್ನು ಕೇಳುವ ನಾಲ್ಕು ಜನ ಬೇಕು.

ದಣಿದವರು ಕವಿತೆ ಕೇಳಲು ಬರುತ್ತಾರೆಯೇ ಎಂದು ಬಳಗದ ಹಿರಿಯರೊಬ್ಬರು ಕೇಳಿದರು. ಬಾರದೆಯೂ ಇರಬಹುದು. ಭಾನುವಾರ ನಾವು ಕರೆದಾಗ ಅವರು ಯಂತ್ರದೆದುರು ಇರುತ್ತಾರೆ ಎಂಬುದಂತೂ ಖಚಿತ. ಆದ್ದರಿಂದ ತಿಂಗಳಲ್ಲೊಂದು ಕೂಟವನ್ನಾದರೂ ಗುರುವಾರ ಸಂಜೆ ಇಡೋಣವೆಂಬುದು ನಮ್ಮ ಸೂಚನೆ. ಸಾಫ್ಟ್‌ವೇರಿನ ಗೆಳೆಯರು ಅಂದು ಒಂದು ಗಂಟೆ ಮುಂಚೆ ಕಚೇರಿ ಬಿಡಬೇಕಾದೀತು. ಆಹ್ವಾನದ ಹಾಳೆಯನ್ನು ಸಭಾಂಗಣದ ಬಾಗಿಲಿಗಷ್ಟೇ ಅಂಟಿಸದೆ, ಕಂಪನಿ ಬಸ್ಸು ನಿಲ್ಲುವ ಚೌಕದ ಚಹದಂಗಡಿಯಲ್ಲೂ ಕೊಟ್ಟು ಬರೋಣ.