ಕೇರಿಯ ಚಿತ್ರ ಕೇರಿಗೆ ಬರಲಿ

ವಾರಾಹಿ ನದಿಯ ದಡದಲ್ಲಿ ತೆಂಗು ಕಂಗುಗಳ ನಡುವೆ ಮೌನವಾಗಿ ಕುಳಿತಿರುವ ಇಂದಿನ ಬಸ್ರೂರನ್ನು ಕಂಡವನಿಗೆ, ಇದೇ ಊರಿನ ಅಕ್ಕಿಯನ್ನು ತುಂಬಿಕೊಂಡ ಹಡಗುಗಳು ಒಂದು ಕಾಲದಲ್ಲಿ ಹೊರ್ಮುಜ್ ದ್ವೀಪದವರೆಗೂ ಹೋಗುತ್ತಿದ್ದುವೆಂದರೆ, ಅದನ್ನು ಸ್ವಸ್ಥಳಾಭಿಮಾನದ ಅತಿಶಯೋಕ್ತಿಯೆಂದು ಬದಿಗೆ ಸರಿಸುವ ಮನಸ್ಸಾದೀತು. ಆದರೆ ಸಾಕ್ಷ್ಯಕ್ಕೆ ಕೊರತೆಯಿಲ್ಲ. 14ನೆಯ ಶತಮಾನದಲ್ಲಿ ಪ್ರವಾಸಿ ಇಬ್ನ್ ಬತೂತನು ಈ ಊರನ್ನು ವಿಶಾಲವಾದ ಅಳಿವೆಯ ಮೇಲಣ, ತೆಂಗಿನಿಂದ ಸಮೃದ್ಧವಾದ ಸಣ್ಣ ಪಟ್ಟಣವೆಂದು ಬಣ್ಣಿಸಿದನು. 16ನೆಯ ಶತಮಾನದ ಆದಿಯಲ್ಲಿ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸನು ಇಲ್ಲಿಯ ಅಕ್ಕಿಯ ವ್ಯಾಪಾರವನ್ನು ಬರೆದಿಟ್ಟನು. 1569ರಲ್ಲಿ ಪೋರ್ಚುಗೀಸರು ಇದನ್ನು ಗೆದ್ದು ಕೋಟೆಯನ್ನು ಕಟ್ಟಿಕೊಂಡರು. ಮುಂದಿನ ಶತಮಾನದ ನಡುವಿನಲ್ಲಿ ಕೆಳದಿಯ ಶಿವಪ್ಪನಾಯಕನು ಅವರನ್ನು ಹೊರದೂಡಿದನು. 1665ರಲ್ಲಿ ಶಿವಾಜಿಯು ಮಾಲವಣದಿಂದ ಕಡಲಮಾರ್ಗವಾಗಿ ಬಂದು ಸೂರೆಮಾಡುವಷ್ಟು ಐಶ್ವರ್ಯ ಇಲ್ಲಿ ಆಗಲೂ ಉಳಿದಿತ್ತು. ಆ ವೈಭವದ ಪೈಕಿ ಈಗ ಕಣ್ಣಿಗೆ ಕಾಣುವುದು ಕೆಲವು ಶಾಸನಗಳು, ಹಳೆಯ ಕೇರಿಗಳ ಹೆಸರುಗಳು, ದೇವಾಲಯಗಳು, ಮತ್ತು ಆಲದ ಬೇರುಗಳ ಬಿಗಿ ಅಪ್ಪುಗೆಯಲ್ಲಿ ನಿಂತಿರುವ ತುಳುವೇಶ್ವರನ ಗುಡಿ.

ಬಂದರಿನ ಈ ಕಥೆಯನ್ನು ಹೇಳುವವರೆಲ್ಲರೂ ಸೆಟ್ಟಿಗಳನ್ನೂ ನಾಯಕರನ್ನೂ ಕಪ್ತಾನರನ್ನೂ ನೆನೆಯುತ್ತಾರೆ. ಹಡಗುಗಳು ಬರುವ ಮೊದಲೂ, ಅವು ಬಾರದೆ ನಿಂತ ಮೇಲೂ, ಅದೇ ನೀರಿನಲ್ಲಿ ಬಲೆ ಬೀಸುತ್ತ ಬಂದವರನ್ನು ಮಾತ್ರ ಅಡಿಟಿಪ್ಪಣಿಗೂ ಕರೆಯುವುದಿಲ್ಲ. ಬಸ್ರೂರಿನಿಂದ ಹೊಳೆಯ ಹರಿವನ್ನು ಅನುಸರಿಸಿ ಪಡುವಣಕ್ಕೆ ಸಾಗಿದರೆ, ವಾರಾಹಿಯು ಸೌಪರ್ಣಿಕೆ, ಚಕ್ರಾ, ಕುಬ್ಜಾ, ಖೇಟಕಿಗಳೊಡನೆ ಕೂಡಿ ಪಂಚಗಂಗಾವಳಿಯಾಗಿ ಕಡಲನ್ನು ಸೇರುವ ಅಳಿವೆ ಎದುರಾಗುತ್ತದೆ. ಬಡಗ ದಡದಲ್ಲಿ ಗಂಗೊಳ್ಳಿ, ತೆಂಕಣದಲ್ಲಿ ಕುಂದಾಪುರ. ಕುಂದಾಪುರದ ಅಂಚಿನಲ್ಲಿ, ಹೊಳೆಗೆ ಮುಖಮಾಡಿ, ಖಾರ್ವಿಕೇರಿ. ಮಹಾಕಾಳಿಯ ಗುಡಿಯನ್ನು ನಡುವಿಟ್ಟುಕೊಂಡು ಬದುಕುವ ಇಲ್ಲಿಯ ಕೊಂಕಣಿ ಖಾರ್ವಿಗಳಲ್ಲಿ, ತಮ್ಮ ಹಿರಿಯರು ಗೋವೆಯ ಕಡೆಯಿಂದ ಬಂದವರೆಂಬ ಸ್ಮೃತಿಯು ಇಂದಿಗೂ ಜೀವಂತವಾಗಿದೆ.

ಈ ಕೇರಿಯಲ್ಲಿ ಮುಂಜಾವದ ಹೊತ್ತು ಹೋಗಿ ನಿಂತವನು ಚಿತ್ರಕಾರನಲ್ಲದಿದ್ದರೂ ತನ್ನ ಕೈಯಲ್ಲೊಂದು ಕುಂಚವಿರಬಾರದಿತ್ತೇ ಎಂದುಕೊಳ್ಳದಿರಲಾರನು. ಬಲೆ ಸರಿಪಡಿಸುವವನು ಹರಿದ ಕಡೆಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿಹಿಡಿದು, ನೂಲು ಸುತ್ತಿದ ಸೂಜಿಯನ್ನು ಕಣ್ಣಿಂದ ಕಣ್ಣಿಗೆ ಹಾಯಿಸುವಾಗ ನೋಟವನ್ನು ಬಲೆಯ ಮೇಲೆ ಇಟ್ಟಿರುವುದೇ ಇಲ್ಲ. ಮಾತು ಪಕ್ಕದವನೊಡನೆ, ದೃಷ್ಟಿ ಹೊಳೆಯ ಮೇಲೆ, ಲೆಕ್ಕವೆಲ್ಲ ಬೆರಳಿನಲ್ಲಿ. ಅತ್ತ ಬುಟ್ಟಿಯಲ್ಲಿ ಆಗತಾನೆ ಬಂದ ಬಂಗುಡೆಯ ಬೆನ್ನಿನ ಮೇಲೆ ನೀಲಿಯೋ ಹಸಿರೋ ಎಂದು ನಿಶ್ಚಯಿಸಲಾಗದ ಗೆರೆಗಳು ಮಿಂಚುತ್ತವೆ, ಮತ್ತು ಬಿಸಿಲೇರುವುದರೊಳಗಾಗಿ ಬೂದಿಯ ಬಣ್ಣಕ್ಕೆ ತಿರುಗುತ್ತವೆ. ಆ ವರ್ಣವನ್ನು ಹಿಡಿಯಬೇಕಾದ ಕಲಾವಿದನಿಗೆ ದೊರೆಯುವ ಅವಕಾಶ, ಅದನ್ನು ಮಾರಬೇಕಾದ ಮೀನುಗಾರ್ತಿಗೆ ದೊರೆಯುವಷ್ಟೇ. ಇಳಿತದ ವೇಳೆಯಲ್ಲಿ ಸೊಂಟದ ನೀರಿಗಿಳಿದು ಕಪ್ಪೆಚಿಪ್ಪನ್ನು ಆಯುವ ಹೆಂಗಸರು, ದಂಡೆಯಲ್ಲಿ ಮಗುಚಿಹಾಕಿದ ನಾಡದೋಣಿಗಳು, ಚಟ್ಲಿ ಎಂಬ ಸಿಗಡಿಯ ರಾಶಿಯ ಸುತ್ತ ಚೌಕಾಸಿಯ ಗದ್ದಲ: ಇವೆಲ್ಲವೂ ದುಡಿಮೆಯ ರೂಪಗಳು, ಇವುಗಳಲ್ಲಿ ಒಂದಾದರೂ ನೋಡುವವನ ಸಂತೋಷಕ್ಕೆಂದು ಹುಟ್ಟಿದ್ದಲ್ಲ.

ಈ ಅಳಿವೆಯ ಪ್ರದೇಶವನ್ನು ಚಿತ್ರಿಸಿದವರಲ್ಲಿ ನಮಗೆ ಹೆಸರು ತಿಳಿದಿರುವ ಪ್ರಾಚೀನರಲ್ಲೊಬ್ಬನು ಪರದೇಶಿ. 1635ರಲ್ಲಿ ಅಂತೋನಿಯೊ ಬೊಕಾರೊ ಎಂಬವನು ಪೋರ್ಚುಗೀಸರ ಪೌರ್ವಾತ್ಯ ದುರ್ಗಗಳೆಲ್ಲದರ ವಿವರವನ್ನು ಬರೆದಾಗ, ಪೆದ್ರೊ ಬರೆತೊ ದೆ ರೆಸೆಂದೆ ಎಂಬವನು ಅದಕ್ಕೆ ವರ್ಣದ ನಕ್ಷಾಚಿತ್ರಗಳನ್ನು ಒದಗಿಸಿದನು. ಹೊನ್ನಾವರ, ಮಂಗಳೂರುಗಳ ಜತೆಯಲ್ಲಿ ಬಸ್ರೂರಿನ ಮತ್ತು ಗಂಗೊಳ್ಳಿಯ ಕೋಟೆಗಳಿಗೂ ಅದರಲ್ಲಿ ಸ್ಥಾನ ದೊರೆಯಿತು. ಕಲೆಯೆಂದು ಅದನ್ನು ಹೊಗಳಲು ನನಗೆ ಮನಸ್ಸಿಲ್ಲ. ಅದು ಫಿರಂಗಿಯನ್ನು ಎಲ್ಲಿ ನಿಲ್ಲಿಸಬೇಕೆಂದು ಹುಡುಕುವವನ ಕಣ್ಣು; ದಡದಲ್ಲಿ ಬಲೆ ಒಣಗಿಸುವವನು ಅದಕ್ಕೆ ಕಾಣಬೇಕಾದ ವಸ್ತುವಲ್ಲ. ಯಾರ ಆಳ್ವಿಕೆಯನ್ನು ತೊರೆದು ಗೋವೆಯಿಂದ ಜನ ದಕ್ಷಿಣಕ್ಕೆ ಬಂದರೋ, ಆ ಪ್ರಭುಗಳೇ ಈ ಹೊಳೆಯ ಇಷ್ಟು ಹಳೆಯ ಚಿತ್ರವನ್ನು ಬರೆಸಿದರೆಂಬುದು ಚರಿತ್ರೆಯ ಒಂದು ವಕ್ರಚೇಷ್ಟೆ. ಆದರೂ ಚಿತ್ರ ಚಿತ್ರವೇ. ಸುಮಾರು 400 ವರ್ಷಗಳ ಹಿಂದೆ ಇಲ್ಲಿಯ ನೆಲಜಲಗಳು ಅನ್ಯರ ಕಣ್ಣಿಗೆ ಹೇಗೆ ತೋರಿದುವೆಂಬುದಕ್ಕೆ ಅದು ದಾಖಲೆ, ಮತ್ತು ಆ ದಾಖಲೆಯಿರುವುದು ಪೋರ್ಚುಗಲ್ಲಿನ ಎವೊರಾ ನಗರದ ಗ್ರಂಥಾಲಯದಲ್ಲಿ.

ರವಿವರ್ಮನ ವಿಷಯವನ್ನೂ ಇಲ್ಲಿ ಹೇಳಿಬಿಡಬಹುದು. ತಿರುವಾಂಕೂರಿನ ಆ ತರುಣನು 1870ರಲ್ಲಿ ಕೊಲ್ಲೂರಿಗೆ ಬಂದು ಮೂಕಾಂಬಿಕೆಯ ಸನ್ನಿಧಿಯಲ್ಲಿ ವ್ರತನಿಷ್ಠನಾಗಿದ್ದು, ಹಿಂದಿರುಗುವ ದಾರಿಯಲ್ಲಿ ಕಲ್ಲಿಕೋಟೆಯಲ್ಲಿ ಮೊದಲ ಬಾರಿಗೆ ಸಂಭಾವನೆ ಪಡೆದು ಚಿತ್ರ ಬರೆದನೆಂದು ಅವನ ಚರಿತ್ರಕಾರರು ಹೇಳುತ್ತಾರೆ. ಕೊಲ್ಲೂರಿನ ಸೌಪರ್ಣಿಕೆ ಇಳಿದುಬರುವುದು ಇದೇ ಅಳಿವೆಗೆ. ದೇವಿಯು ಅವನಿಗೆ ವರವಿತ್ತಳೋ ಏನೋ, ಆ ವರದಲ್ಲಿ ನಮ್ಮ ಮೀನುಗಾರರ ಪಾಲು ಸೇರಿರಲಿಲ್ಲ. ಅವನ ಕುಂಚ ಒಲಿದುದು ರಾಣಿಯರಿಗೆ ಮತ್ತು ದೇವತೆಯರಿಗೆ.

ಆ ಪಾಲನ್ನು ಸಲ್ಲಿಸಿದವರು ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಆಮೇಲೆ ಪ್ಯಾರಿಸ್ಸಿನ ಅಕಾದೆಮಿ ಜೂಲಿಯಾನಿನಲ್ಲೂ ಅಭ್ಯಾಸಮಾಡಿ, 1961ರಲ್ಲಿ ಪದ್ಮಶ್ರೀಯನ್ನೂ 1989ರಲ್ಲಿ ಪದ್ಮಭೂಷಣವನ್ನೂ ಪಡೆದ ಈ ಕಲಾವಿದರು, ಜೀವಮಾನದ ಬಹುಭಾಗವನ್ನು ಮುಂಬಯಿಯಲ್ಲಿ ಕಳೆದರೂ, ಊರ ಕೋಳಿ ಅಂಕವನ್ನೂ ಕಡಲತಡಿಯ ಮೀನುಗಾರರನ್ನೂ ಕಣ್ಣಿಂದ ಇಳಿಸಲಿಲ್ಲ. ಅವರು ಖಾರ್ವಿಕೇರಿಯಲ್ಲಿಯೇ ಕುಳಿತು ಬರೆದರೆಂದು ನಾನು ವಾದಿಸುತ್ತಿಲ್ಲ. ಕರಾವಳಿ ಒಂದೇ ಸೀರೆ, ಅಂಚು ಎಲ್ಲಿ ಹಿಡಿದರೂ ಅದೇ. ನನಗೆ ಮುಖ್ಯವಾಗಿ ತೋರುವುದು ಅವರ ರೇಖೆ. ಬುಟ್ಟಿ ಹೊತ್ತವಳ ಕತ್ತಿನ ನಿಲುವನ್ನೂ, ಹಗ್ಗ ಎಳೆಯುವವನ ಬೆನ್ನಿನ ಬಾಗನ್ನೂ ಒಂದೇ ಉಸಿರಿನಲ್ಲಿ ಎಳೆದುಬಿಡುವ ಅಂತಹ ರೇಖೆ, ದುಡಿಯುವ ದೇಹವನ್ನು ಬಾಲ್ಯದಿಂದ ಬಳಿಯಲ್ಲಿ ಕಂಡವನಿಗಲ್ಲದೆ ಒಲಿಯದು. ಇದೇ ಸೀಮೆಯ ಶಿವರಾಮ ಕಾರಂತರು ‘ಮರಳಿ ಮಣ್ಣಿಗೆ’ ಕಾದಂಬರಿಯಲ್ಲಿ ಕೋಡಿಯ ಕಡಲತಡಿಗೆ ಶಬ್ದಗಳಿಂದ ಸಲ್ಲಿಸಿದ ನ್ಯಾಯವೂ ಇಂತಹುದೇ.

ಈಗ ನನ್ನ ಆಕ್ಷೇಪವನ್ನು ಹೇಳುತ್ತೇನೆ. ರೆಸೆಂದೆಯ ಬಸ್ರೂರು ಎವೊರಾದಲ್ಲಿದೆ. ಹೆಬ್ಬಾರರ ಕೃತಿಗಳನ್ನು ನೋಡಬೇಕಾದರೆ ಬೆಂಗಳೂರಿನ ವೆಂಕಟಪ್ಪ ಕಲಾ ಗ್ಯಾಲರಿಗೋ ದೆಹಲಿಯ ಆಧುನಿಕ ಕಲಾಸಂಗ್ರಹಾಲಯಕ್ಕೋ ಹೋಗಬೇಕು. ಯಾರನ್ನು ನೋಡಿ ಚಿತ್ರ ಹುಟ್ಟಿತೋ ಅವರ ಮಕ್ಕಳು ಮಾತ್ರ ಅದನ್ನು ಕಂಡಿಲ್ಲ. ಮೂಲಕೃತಿಯನ್ನು ಉಪ್ಪುಗಾಳಿಗೆ ತಂದಿಡಿರೆಂದು ಯಾವ ವಿವೇಕಿಯೂ ಕೇಳುವುದಿಲ್ಲ. ಪ್ರತಿಕೃತಿಗೆ ಅಂತಹ ಭಯವಿಲ್ಲವಷ್ಟೆ. ಫ್ರಾನ್ಸಿನ ತೆಂಕಣ ಕರಾವಳಿಯಲ್ಲಿ ಕೊಲ್ಯೂರ್ ಎಂಬ ಮೀನುಗಾರರ ಊರಿದೆ. 1905ರ ಬೇಸಗೆಯಲ್ಲಿ ಚಿತ್ರಕಾರರಾದ ಮಾತೀಸ್ ಮತ್ತು ದೆರೇನ್ ಅಲ್ಲಿ ತಂಗಿ, ದೋಣಿಗಳನ್ನೂ ಮನೆಗಳನ್ನೂ ಕಂಡರಿಯದ ಉಗ್ರವರ್ಣಗಳಲ್ಲಿ ಬರೆದು, ಪ್ಯಾರಿಸ್ಸಿನ ವಿಮರ್ಶಕರಿಂದ ಕಾಡುಮೃಗಗಳೆಂಬ ಬಿರುದನ್ನು ಪಡೆದರು; ಈಗ ಅವರು ನಿಂತು ಬರೆದ ಜಾಗಗಳಲ್ಲಿಯೇ ಆ ಚಿತ್ರಗಳ ಪ್ರತಿಗಳನ್ನು ನಿಲ್ಲಿಸಿದ್ದಾರೆ. ಬಸ್ರೂರಿನ ಹೊಳೆದಡದಲ್ಲಿ ರೆಸೆಂದೆಯ ನಕ್ಷೆಯ ಪ್ರತಿಯನ್ನೂ, ಅಳಿವೆಯ ಎರಡು ದಡಗಳಲ್ಲಿ ಹೆಬ್ಬಾರರ ಮೀನುಗಾರ ಚಿತ್ರಗಳ ಪ್ರತಿಗಳನ್ನೂ ನಿಲ್ಲಿಸುವುದಕ್ಕೆ ಬೇಕಾಗುವುದು ದೊಡ್ಡ ಹಣವಲ್ಲ, ಹಕ್ಕುದಾರರ ಅನುಮತಿ ಮತ್ತು ಸ್ವಲ್ಪ ಶ್ರದ್ಧೆ.

ಆದರೆ ಕೊಲ್ಯೂರಿನ ಇನ್ನೊಂದು ಮುಖವನ್ನೂ ಮರೆಯುವಂತಿಲ್ಲ. ಅಲ್ಲಿ ಪ್ರವಾಸಿಗಳು ಬೆಳೆದರು, ಮೀನುಗಾರಿಕೆ ಬಹುಮಟ್ಟಿಗೆ ಹಿಂದೆ ಸರಿಯಿತು. ಮರವಂತೆಯ ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ಒಂದು ಕಡೆ ಕಡಲು ಒಂದು ಕಡೆ ಹೊಳೆ ಎಂದು ಬೆರಗಾಗುವ ಜನ ನಾಳೆ ಕೇರಿಗೂ ಬಂದಾರು. ಅವರ ಹಿಂದೆಯೇ ಸೌಂದರ್ಯೀಕರಣವೆಂಬ ಯೋಜನೆಯೂ ಬಂದೀತು. ಅದು ಮೊದಲು ಮಾಡುವ ಕೆಲಸ ಸಾಮಾನ್ಯವಾಗಿ ದಡದ ಬಲೆಗಳನ್ನು ತೆಗೆಸಿ ಹಾಸುಗಲ್ಲು ಹಾಕುವುದು. ಕಲಾವಿದನನ್ನು ಕರೆದ ವಸ್ತುವನ್ನೇ ಗುಡಿಸಿಹಾಕಿ ಅವನ ಹೆಸರಿನ ಫಲಕ ನೆಡುವುದಾದರೆ, ಆ ಫಲಕ ಇಲ್ಲದಿರುವುದೇ ಲೇಸು. ರಂಪಣಿಯ ಗತಿಯನ್ನು ನಾವು ಕಂಡಿದ್ದೇವೆ: ಎಷ್ಟೋ ಮಂದಿ ಎರಡು ಸಾಲಾಗಿ ನಿಂತು ಹಗ್ಗ ಎಳೆಯುತ್ತಿದ್ದ ಆ ಮಹಾಬಲೆ, 1970ರ ದಶಕದ ಕೊನೆಯಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ, ನಮ್ಮ ದಂಡೆಗಳಿಂದ ಕ್ರಮೇಣ ಸರಿದುಹೋಯಿತು. ಅದರ ಜತೆಗೆ ಒಂದು ಜೀವನೋಪಾಯವೂ ಹೋಯಿತು, ಒಂದು ಚಿತ್ರವೂ ಹೋಯಿತು; ಎರಡನೆಯದಕ್ಕಾಗಿ ಅಳುವವರು ಮೊದಲನೆಯದಕ್ಕಾಗಿ ಅತ್ತಿರಬೇಕಿತ್ತು.

ಆದುದರಿಂದ ಪ್ರತಿಗಳನ್ನು ಎಲ್ಲಿ ನಿಲ್ಲಿಸಬೇಕು, ಯಾವ ಜಾಗವನ್ನು ಬಲೆ ಒಣಗಿಸುವುದಕ್ಕೆ ಶಾಶ್ವತವಾಗಿ ಬಿಡಬೇಕು ಎಂಬುದನ್ನು ಇಲಾಖೆಗಳು ತೀರ್ಮಾನಿಸುವ ಮುಂಚೆ ದೋಣಿ ನಡೆಸುವ ತಾಂಡೇಲರನ್ನೂ, ಬುಟ್ಟಿ ಹೊರುವ ಹೆಂಗಸರನ್ನೂ ಕೇಳಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಬಲೆಗಳು ದಡದಲ್ಲಿರುತ್ತವೆ, ಗಂಡಸರು ಮನೆಯಲ್ಲಿರುತ್ತಾರೆ. ಈ ಮಾತುಕತೆಗೆ ಮಹಾಕಾಳಿಯ ಗುಡಿಯ ಜಗಲಿಗಿಂತ ಒಳ್ಳೆಯ ಸ್ಥಳವನ್ನೂ, ಆ 61 ದಿನಗಳಿಗಿಂತ ಒಳ್ಳೆಯ ಸಮಯವನ್ನೂ ನಾನು ಕಾಣೆ.