ಎಣಿಸುವ ಕಣ್ಣು ಪಳಗಬೇಕು

ಇಪ್ಪತ್ತೆರಡು ವರ್ಷ ನಾನು ಲ್ಯಾಬಿನಲ್ಲಿ ಜೀವಕೋಶ ಸಾಕಿದವಳು. ಸುಂಡಿಲಿ ಭ್ರೂಣದಿಂದ ಬಂದ ಬಾಲ್ಬ್ 3ಟಿ3 ಕೋಶಗಳನ್ನು ಡಿಶ್‌ಗಳಲ್ಲಿ ಬಿತ್ತಿ, ಮರುದಿನದಿಂದ ಮೂರು ದಿನ ರಾಸಾಯನಿಕ ಉಣಿಸಿ, ಆಮೇಲೆ ವಾರಕ್ಕೆರಡು ಸಲ ಮೀಡಿಯಂ ಬದಲಿಸುತ್ತಾ ಕಾಯುವುದು ನಮ್ಮ ಕೆಲಸ. ನೆಟ್ಟಗಿರುವ ಕೋಶ ಪಕ್ಕದ್ದಕ್ಕೆ ತಗುಲಿದರೆ ಬೆಳೆಯುವುದನ್ನು ನಿಲ್ಲಿಸುತ್ತದೆ. ಚಾಪೆ ಹಾಸಿದಂತೆ ಒಂದೇ ಪದರ. ದಾರಿ ತಪ್ಪಿದ್ದು ಮಾತ್ರ ಪಕ್ಕದವುಗಳ ಮೇಲೇರಿ ಕೂರುತ್ತದೆ. ಐದಾರು ವಾರ ಕಳೆದು ಗೀಮ್ಸಾ ಬಣ್ಣ ಹಾಕಿ ತೊಳೆದರೆ ತೆಳು ಹಾಸಿನ ನಡುವೆ ಕಡು ನೇರಳೆ ಚುಕ್ಕಿ ಎದ್ದು ಕಾಣುತ್ತದೆ. ಅದೇ ಫೋಕಸ್.

1963ರಲ್ಲಿ ಇಸ್ರೇಲಿನ ಬರ್ವಾಲ್ಡ್ ಮತ್ತು ಸ್ಯಾಕ್ಸ್ ಹ್ಯಾಮ್‌ಸ್ಟರ್ ಭ್ರೂಣದ ಕೋಶಗಳನ್ನು ಹೀಗೆ ರಾಸಾಯನಿಕದಿಂದ ಬದಲಿಸಿ ತೋರಿಸಿದರು. ರಾಸಾಯನಿಕವೊಂದು ಕ್ಯಾನ್ಸರ್ ತರುತ್ತದೆಯೇ ಎಂದು ತಿಳಿಯಲು ಇಲಿಗಳ ಮೇಲೆ ಮಾಡುವ ಪರೀಕ್ಷೆಗೆ ಎರಡು ವರ್ಷ ಬೇಕು, ಒಂದೊಂದು ಪ್ರಮಾಣಕ್ಕೆ ನೂರು ಪ್ರಾಣಿ. ಬ್ಯಾಕ್ಟೀರಿಯಾ ಬಳಸುವ ಏಮ್ಸ್ ಪರೀಕ್ಷೆ ಎರಡು ಮೂರು ದಿನದಲ್ಲಿ ಮುಗಿಯುತ್ತದೆ ನಿಜ, ಆದರೆ ಡಿಎನ್‌ಎ ಕೆಡಿಸುವುದನ್ನಷ್ಟೇ ಹಿಡಿಯುತ್ತದೆ. ನಮ್ಮ ಅಜ್ಜಿಯರಿಗೆ ಭೇದಿಯ ಮದ್ದಾಗಿ ಗೊತ್ತಿದ್ದ ಜಾಪಾಳದ ಎಣ್ಣೆಯಲ್ಲಿ ಟಿಪಿಎ ಎಂಬ ವಸ್ತುವಿದೆ. ಅದು ಡಿಎನ್‌ಎ ಮುಟ್ಟುವುದಿಲ್ಲ, ಏಮ್ಸ್‌ನಲ್ಲಿ ಸಿಕ್ಕಿಬೀಳುವುದಿಲ್ಲ. ಮೊದಲೇ ಪೆಟ್ಟು ತಿಂದ ಕೋಶವನ್ನು ಮಾತ್ರ ಗಡ್ಡೆಯತ್ತ ನೂಕುತ್ತದೆ. ಅಂಥ ಪೆಟ್ಟು ಮೊದಲೇ ತಿಂದಿರುವ ಜಪಾನಿನ ಭಾಸ್ 42 ಕೋಶಗಳಲ್ಲಿ ಮೂರೇ ವಾರಕ್ಕೆ ಫೋಕಸ್ ಎಬ್ಬಿಸಿ ಸಿಕ್ಕಿಬೀಳುತ್ತದೆ.

ಇಷ್ಟಿದ್ದೂ 2016ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆ ಒಇಸಿಡಿ ಈ ಭಾಸ್ ವಿಧಾನವನ್ನು ಮಾರ್ಗದರ್ಶಿ ದಾಖಲೆಯಾಗಿ ಹೊರತಂದಿತೇ ಹೊರತು ಪೂರ್ಣ ಪರೀಕ್ಷಾ ವಿಧಿಯಾಗಿ ಅಲ್ಲ. ಇಂಥ ಪರೀಕ್ಷೆಗಳ ಮೇಲೆ ನಾನು ಪದೇ ಪದೇ ಕೇಳಿದ ಆಕ್ಷೇಪ ಒಂದೇ: ಎಣಿಕೆ ಕಣ್ಣಂದಾಜು.

ಆಕ್ಷೇಪ ಸುಳ್ಳಲ್ಲ. ಒಮ್ಮೆ ಒಂದೇ ಡಿಶ್‌ನಲ್ಲಿ ನಾನು ಮೂರು ಎಣಿಸಿದೆ, ಹೊಸದಾಗಿ ಸೇರಿದ್ದ ಹುಡುಗಿ ಐದು. ಮತ್ತೆ ಸೂಕ್ಷ್ಮದರ್ಶಕದ ಕೆಳಗಿಟ್ಟೆವು. ಎರಡು ಚುಕ್ಕಿ ದಟ್ಟವಾಗಿದ್ದರೂ ಅಂಚು ಗುಂಡಗೆ ನಿಂತಿತ್ತು. ಉಳಿದ ಮೂರರ ಅಂಚಿನಿಂದ ಕದಿರಿನಾಕಾರದ ಕೋಶಗಳು ಅಡ್ಡಾದಿಡ್ಡಿಯಾಗಿ ಪಕ್ಕದ ಹಾಸಿನೊಳಗೆ ನುಗ್ಗಿದ್ದವು. ಒಂದು ಗಂಟೆ ನೋಡಿದ ಮೇಲೆ ಅವಳೇ 'ಮೇಡಂ, ಮೂರೇ' ಎಂದಳು. ಎರಡನೇ ವರ್ಷಕ್ಕೆ ಅವಳ ಎಣಿಕೆಯೂ ನನ್ನದೂ ಬೇರೆಯಾಗುತ್ತಿರಲಿಲ್ಲ. ಅಷ್ಟರಲ್ಲಿ ಪ್ರಾಜೆಕ್ಟ್ ಮುಗಿಯಿತು, ಗುತ್ತಿಗೆ ನವೀಕರಿಸಲಿಲ್ಲ. ಅವಳ ಜಾಗಕ್ಕೆ ಬಂದ ಹುಡುಗ ಮೊದಲ ವಾರವೇ ಒಂದು ಡಿಶ್‌ನಲ್ಲಿ ಏಳು ಎಣಿಸಿದ.

ಸುಂಡಿಲಿ ಕೋಶ ಮನುಷ್ಯನಲ್ಲ, ಈ ಪರೀಕ್ಷೆಯೊಂದನ್ನೇ ನಂಬಿ ತೀರ್ಪು ಕೊಡಿ ಎಂದು ನಾನು ಹೇಳುತ್ತಿಲ್ಲ. ಡಿಶ್‌ಗಳ ಗುರುತು ಮರೆಮಾಡಿ, ಇಬ್ಬರು ಬೇರೆ ಬೇರೆ ಎಣಿಸಲಿ, ಒಂದೊಂದು ಫೋಕಸ್‌ನ ಫೋಟೋ ಉಳಿಯಲಿ. ಎಲ್ಲಕ್ಕಿಂತ ಮೊದಲು, ಪಳಗಿದ ಕಣ್ಣಿನವರಿಗೆ ಕಾಯಂ ಕೆಲಸ ಕೊಡಿ. ಆ ಹುಡುಗಿ ಈಗ ಔಷಧಿ ಅಂಗಡಿಯಲ್ಲಿ ಬಿಲ್ ಹಾಕುತ್ತಿದ್ದಾಳೆ.